ನಾಲ್ಕು ಬೆರಳು ಸಂದು

ಬೀದರ
೨ ಸೆಪ್ಟೆಂಬರ್ ೨೦೨೪

ಮಹಮೂದಾ ಆಪಾಗ ಕಸ್ತೂರಿಯ ಸಲಾಂ, ಶರಣು.

ನಿನ್ನ ಮೊಮ್ಮಗಳು ಅಂಬರೀನ ಬರೆದ ಕಾಗದ ಬಕ್ರೀದ್ ಹಿಂದಿನ ದಿನ ಬಂತು. ಇವತ್ತಿಗೆ ಎರಡೂವರಿ ತಿಂಗಳಾತು. ಕೈ ನಡಗತಾವ, ಅದಕ್ಕ ಬರೀಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಕೈಗೇನೂ ಆಗಿಲ್ಲ, ಮೊನ್ನಿ ತನಕ ರೊಟ್ಟಿ ಬಡದೀನಿ. ಬರೀಲಿಕ್ಕೆ ಹೆದರಿದ್ದೆ, ಅಷ್ಟೇ. ಮಾಫ ಮಾಡು.

ನಿನಗ ಕನ್ನಡ ಓದಲಿಕ್ಕೆ ಬರೂದಿಲ್ಲ, ಅಂಬರೀನಾನೇ ಓದಿ ಹೇಳಬೇಕು. ತಂಗಿ ಅಂಬರೀನ, ಔರಾದ ಸಾಲ್ಯಾಗ ಮಕ್ಕಳಿಗೆ ಓದೂ ಹಂಗ ಗಟ್ಟಿ ದನಿಲೇ ಓದು, ನಡಕ ನಿಲ್ಲಬ್ಯಾಡ. ನಿಮ್ಮಜ್ಜಿಗೆ ಕಿವಿ ಮಂದ ಆಗ್ಯಾವಂತ ಬರದೀದಿ. ಸಣ್ಣಾಕಿ ಇದ್ದಾಗೂ ತನಗ ಬ್ಯಾಡಾದ ಮಾತು ಅಕಿಗೆ ಕೇಳತಿದ್ದಿಲ್ಲ ಬಿಡು.

ಆಪಾ, ನಾ ಈಗ ಮಗಳು ಸಿದ್ದೇಶ್ವರಿ ಮನ್ಯಾಗ ಇದ್ದೀನಿ. ಮೊಣಕಾಲು ಹಿಡದಾವ, ಒಂದು ಕಣ್ಣು ಹೋಗೇದ, ನಾಲಿಗಿ ಮಾತ್ರ ಛಲೋ ಅದ. ಹೋದ ತಿಂಗಳು ಟ್ರಂಕ ತೆಗದಾಗ ನೀ ಆಡೂ ಐದು ಗಜಗದ ಕಾಯಿ ಸಿಕ್ಕವು. ಊರು ಬಿಡೂ ದಿನ ನೀ ಕೇಳಿದಾಗ ಕಳದಾವಂದೆ, ನನ್ನ ಜಡಿ ಹಿಡದು ಎಳದಿದ್ದಿ, ನೆನಪದ ಏನು? ಕಳದಿದ್ದಿಲ್ಲ. ಎಪ್ಪತ್ತಾರು ವರ್ಷ ನನ್ನ ಕಡೇನೇ ಇದ್ದಾವ.

ಇರಲಿ, ನೀ ಕೇಳಿದ್ದಕ್ಕ ಬರ್ತೇನಿ. ಅಂಬರೀನ ಬರದಿದ್ದು ಇಷ್ಟೇ: ‘ನಿಮ್ಮ ಊರಾಗ ನಿಮ್ಮ ಅಪ್ಪಾರ ಮೂರ್ತಿ ನಿಂದ್ರಸ್ತಾರಂತ. ಅದರ ಬುಡದ ಕಲ್ಲಿನ ಮ್ಯಾಲ ನಮ್ಮ ಅಜ್ಜಿಯ ತಂದಿ ಹೆಸರು ರಜಾಕಾರ ಅಂತ ಕೆತ್ತ್ಯಾರಂತ. ಖರೇ ಏನ್ರಿ? ಅಬ್ಬಾ ಹ್ಯಾಂಗ ಸತ್ರು ಅಂತ ಬಲ್ಲಾಕಿ ಕಸ್ತೂರಿ ಒಬ್ಬಾಕೀನೇ ಉಳದಾಳ, ಹೇಳಲಿ ಅಂತಾರ ಅಜ್ಜಿ.’

ಖರೇ ಅದ ಆಪಾ. ಕೆತ್ತ್ಯಾರ. ಕಣ್ಣಾರೆ ನೋಡಿ ಬಂದೀನಿ.

ನನ್ನ ತಮ್ಮನ ಮೊಮ್ಮಗ ಅಮಿತಕುಮಾರ ಇಲ್ಲೇ ಬೀದರ ಮಗ್ಗಲ ಕೊಳಾರದಾಗ ಗೋದಾಮು ಇಟ್ಟಾನ. ಮೂರ್ತಿ ಕಮಿಟಿಗೆ ಅವನೇ ಅಧ್ಯಕ್ಷ. ಶ್ರಾವಣದಾಗ ಕಾರಿನಾಗ ಕೂಡಿಸಿಕೊಂಡು ಭಾಲ್ಕಿ ಮ್ಯಾಲಿಂದ ಊರಿಗೆ ಒಯ್ದ. ಬಸ್‌ ನಿಂದರೂ ಜಾಗಾದಾಗ, ನಿಮ್ಮ ಟಾಂಗಾ ನಿಂದರತಿತ್ತಲ್ಲ, ಅಲ್ಲೇ ಕಟ್ಟಿ ಕಟ್ಟ್ಯಾರ. ತಾಡಪತ್ರಿ ಸರಿಸಿ ತೋರಿಸಿದ. ಹೆಗಲಿಗೆ ಬಂದೂಕು, ತಲಿಗೆ ಫೇಟಾ, ಕಿವಿ ತನಕ ಮೀಸಿ. ‘ಅಪ್ಪಗ ಇಷ್ಟು ಮೀಸಿ ಎಂದಿತ್ತೋ?’ ಅಂತ ನಕ್ಕೆ. ಕೆಳಗ ಬಗ್ಗಿ ಓದಿದೆ, ನಗಿ ಅಲ್ಲೇ ಆರಿಹೋತು. ‘ರಜಾಕಾರ ಯುನುಸನನ್ನು ಹಗೇವಿನಲ್ಲಿ ಹೂತು ಊರನ್ನು ಕಾಪಾಡಿದ ಗಂಡುಗಲಿ ಹಾವಗೆಪ್ಪ.’

ಮೈಯಾಗ ಬೆಂಕಿ ಬಿತ್ತು ನೋಡು. ‘ಏ ಖೋಡಿ, ಯಾಂವ ಲೇ ರಜಾಕಾರ? ಯುನುಸ ಚಾಚಾ ಇರಲಿಲ್ಲಂದ್ರ ನಿಮ್ಮ ಮುತ್ಯಾ ಒಂದು ವಾರ ಬದಕತಿದ್ದಿಲ್ಲ!’ ಅಂತ ನಾಕು ಮಂದಿ ಮುಂದ ಒದರಿದೆ.

ಅದು ನಿನಗ ಗೊತ್ತದ, ಅಂಬರೀನಗ ಗೊತ್ತಿಲ್ಲ, ಕೇಳಲಿ ಅಕಿ. ದೇಶಕ್ಕ ಸ್ವಾತಂತ್ರ್ಯ ಬಂತು, ನಮಗ ಬರಲಿಲ್ಲ. ನಾವು ನಿಜಾಮನ ಕೆಳಗೇ ಇದ್ದೆವು. ಆ ಹದಿಮೂರು ತಿಂಗಳು ನಮ್ಮಪ್ಪ ಗಡಿ ಆಚಿ ಕ್ಯಾಂಪಿನಾಗ ನಲವತ್ತು ಹುಡುಗರನ್ನ ಕಟಗೊಂಡಿದ್ದ. ನಿಜಾಮನ ನಾಕಾ ಸುಟ್ಟ, ಪೊಲೀಸರ ಬಂದೂಕು ಕಸಗೊಂಡ. ಹಿಡದು ಕೊಟ್ಟವರಿಗೆ ಇನಾಮು ಅಂತ ಡಂಗುರ ಹೊಡಸಿದ್ರು. ಅವನ ಚೀಟಿ ಊರೂರಿಗೆ ಮುಟ್ಟಸಾಂವ ನಿಮ್ಮ ಮುತ್ಯಾ, ಟಾಂಗಾ ಯುನುಸ. ಒಂದು ಸಲ ಅಪ್ಪನ್ನ ಟಾಂಗಾದಾಗ ಕಣಕಿ ಮೇವಿನ ಕೆಳಗ ಮಲಗಿಸಿ ಭಾಲ್ಕಿ ದಾಟಸಬೇಕಾದ್ರ ಪೊಲೀಸಪ್ಪ ಕಣಕಿಗೆ ಬರ್ಚಿ ಹಾಕಿ ತಿವಿದನಂತ. ಬರ್ಚಿ ಅಪ್ಪನ ತೊಡಿಗೆ ಹೊಕ್ಕಿತು. ಅಪ್ಪ ಉಸರು ಬಿಡಲಿಲ್ಲ. ಚಾಚಾ ಕುದರಿಗೆ ಬೈಕೋತ, ಪೊಲೀಸನ ಸಂಗಾಟ ನಕ್ಕೋತ ಟಾಂಗಾ ಹೊಡಕೊಂಡು ಹೋದ. ಅಂಥಾ ಗಂಡಸು. ಅವನ ಹೆಸರಿನ ಮುಂದ ಏನು ಕೆತ್ತ್ಯಾರ ನೋಡು!

ಆ ದಿನದ್ದೂ ಹೇಳ್ತೇನಿ. ಭಾರತದ ದಂಡು ಬಂತು, ನಿಜಾಮ ಶರಣಾದ, ಐದು ದಿನ ಆಗಿತ್ತು. ಅಪ್ಪ ಹುಡುಗರನ್ನ ಕರಕೊಂಡು ಬಂದೂಕು ಒಪ್ಪಸಲಿಕ್ಕೆ ಬೀದರಕ್ಕ ಹೋಗಿದ್ದ. ಹೊರಗಿನ ಮಂದಿ ಕೊಡ್ಲಿ, ಬಡಗಿ ಹಿಡಕೊಂಡು ಮುಸಲ್ಮಾನರ ಮ್ಯಾಲ ಸೇಡು ತೀರಸ್ಲಿಕ್ಕೆ ಊರಿಗೆ ಬಂದ್ರು. ನಿಜಾಮನ ಪರ ಊರು ಸುಟ್ಟ ರಜಾಕಾರರು ಎಂದೋ ಓಡಿಹೋಗಿದ್ರು. ಸಿಕ್ಕವರು ಟಾಂಗಾ ಹೊಡಿಯವ್ರು, ಹತ್ತಿ ಹಿಂಜವ್ರು.

ನಮ್ಮವ್ವ ಅಂಜನಾಬಾಯಿ ಚಾಚಾನ್ನ ನಮ್ಮ ಅಂಗಳದ ಹಗೇದಾಗ ಇಳಿಸಿದಳು. ಅಂಬರೀನ, ನೀ ಹಗೇವು ನೋಡಿರಲಿಕ್ಕಿಲ್ಲ. ಜ್ವಾಳ ತುಂಬಿಡಲಿಕ್ಕೆ ನೆಲದಾಗ ತೋಡಿದ ದೊಡ್ಡ ಕುಣಿ, ಬಾಯಿ ಮಾತ್ರ ಸಣ್ಣದು. ಒಳಗಿನ ಗಾಳಿ ಕೆಟ್ಟಿರತದ. ಅದಕ್ಕ ಅವ್ವ ಮೊದಲು ಹಗ್ಗಕ್ಕ ಕಂದೀಲ ಕಟ್ಟಿ ಬಿಟ್ಟಳು. ಕಂದೀಲ ಆರಲಿಲ್ಲ. ಆಮ್ಯಾಲೇ ಚಾಚಾನ್ನ ಇಳಿಸಿ, ಹಾಸಗಲ್ಲು ಎಳದು, ಉಸರಾಡ್ಲಿಕ್ಕೆ ನಾಲ್ಕು ಬೆರಳು ಸಂದು ಬಿಟ್ಟಳು. ಆಪಾ, ನಿನ್ನನ್ನ, ಚಾಚಿನ್ನ ಕರಕೊಂಡು ಹೊಲದ ಗುಡಸಲಕ್ಕ ಓಡಿದಳು. ಹಾವಗೆಪ್ಪನ ಮಗಳಿಗೆ ಯಾರೂ ಕೈ ಹಚ್ಚೂದಿಲ್ಲಂತ ನನ್ನ ಅಲ್ಲೇ ಬಿಟ್ಟಳು. ‘ಇಲ್ಲೇ ಕೂತು ಆಡು. ಕೇಳಿದ್ರ ಮನ್ಯಾಗ ಯಾರಿಲ್ಲ ಅನ್ನು’ ಅಂದಳು. ನಿನ್ನ ಕೈಯಾಗಿನ ಗಜಗ ನೀನೇ ನನ್ನ ಉಡ್ಯಾಗ ಹಾಕಿ ಹೋದಿ.

ಅಪ್ಪ ತಿರುಗಿ ಬಂದು ಕಲ್ಲು ಸರಿಸಿದಾಗ ಚಾಚಾನ ಜೀವ ಇರಲಿಲ್ಲ. ಸಂದಿನಾಗ ಗೋಣಿ ತಟ್ಟು ತುರುಕಿ ಹಸಿಮಣ್ಣು ಮೆತ್ತಿತ್ತು.

ಮರುದಿನ ಅಪ್ಪ ನಿಮ್ಮವ್ವನ ಮುಂದ ಕೈ ಕಟಗೊಂಡು ನಿಂತ. ‘ಭಾಭಿ, ನಾನೇ ಮುಚ್ಚಿದೆ. ಮಂದಿ ಬಂದ್ರಂತ ಹೆದರಿ ಮುಚ್ಚಿದೆ’ ಅಂದ. ಚಾಚಿ ಒಂದು ಬೊಗಸಿ ಮಣ್ಣು ತಗೊಂಡು ಅವನ ತಲಿ ಮ್ಯಾಲ ಹಾಕಿದಳು. ಅಪ್ಪ ಕೊಡವಲಿಲ್ಲ. ನೀ ಒಂಬತ್ತು ವರ್ಷದಾಕಿ, ‘ಇವರ ಮನಿ ನೀರು ನಮಗ ಹರಾಮ’ ಅಂದಿ. ಠಾಣಾ ಕುಶನೂರಕ್ಕ ಚಾಚಿಯ ತವರಿಗೆ ಹೋದವರು ತಿರುಗಿ ಬರಲಿಲ್ಲ. ಅಪ್ಪನ ಮಣ್ಣಿಗೆ ನೀ ಬಂದಿದ್ದಿ, ಬೇವಿನ ಗಿಡದ ತನಕ. ನಾ ತಂಬಗಿ ನೀರು ತಗೊಂಡು ಓಡಿ ಬರೂದ್ರಾಗ ಬಸ್ ಹತ್ತಿದ್ದಿ.

ಅಪ್ಪ ಆಮ್ಯಾಲ ಬದುಕಿದ್ದು ನಲವತ್ಮೂರು ವರ್ಷ. ಎಲೆಕ್ಷನ್‌ಗೆ ನಿಂದರಂದ್ರು, ನಿಲ್ಲಲಿಲ್ಲ. ತಾಮ್ರಪತ್ರ ಕೊಡ್ತೀವಂದ್ರು, ಒಲ್ಲೆ ಅಂದ. ಮಂದಿ ‘ಎಂಥಾ ವಿನಯ!’ ಅಂದ್ರು. ಹೂವಿನ ಹಾರ ತಂದವರಿಗೆ ‘ಟಾಂಗಾ ನಿಂದರೂ ಜಾಗಾದಾಗ ಹಾಕಿ ಹೋಗ್ರಿ’ ಅಂತಿದ್ದ, ಅವರು ಚಾಷ್ಟಿ ಅನಕೊಂಡು ನಗತಿದ್ರು. ಹಗೇವಿಗೆ ತಾನೇ ಮಣ್ಣು ತುಂಬಿದ. ಚಳಿಗಾಲದಾಗೂ ಮನ್ಯಾಗ ಮಲಗಲಿಲ್ಲ. ಇದೊಂದು ನಿನಗ ಗೊತ್ತಿಲ್ಲ: ಪ್ರತಿ ವರ್ಷ ಆ ದಿನ ಬಸ್ಸಿಗೆ ನಿಮ್ಮ ಊರಿಗೆ ಬರತಿದ್ದ. ಸ್ಟ್ಯಾಂಡಿನಾಗ ಕಟ್ಟಿ ಮ್ಯಾಲ ಕೂತು, ಕಡೀ ಬಸ್ಸಿಗೆ ತಿರುಗಿ ಬರತಿದ್ದ. ನಿಮ್ಮ ಓಣಿ ತನಕ ಹೋಗೂ ಧೈರ್ಯ ಎಂದೂ ಆಗಲಿಲ್ಲ ಅವಗ.

ಊರು ಏನು ಮಾಡ್ತು? ಅಪ್ಪ ಹೇಳಿದ್ದರಾಗಿನ ‘ಹೆದರಿ’ ಬಿಟ್ಟು ‘ಮುಚ್ಚಿದೆ’ ಇಟಗೊಂಡ್ರು. ಮುಂದ ಮುಚ್ಚಿದ್ದು ಕೊಂದದ್ದಾತು. ಕೊಂದದ್ದಕ್ಕ ಒಬ್ಬ ವೈರಿ ಬೇಕಲ್ಲ, ಚಾಚಾನ್ನ ರಜಾಕಾರ ಮಾಡಿದ್ರು. ಈಗ ಮೂರ್ತಿನೂ ಆತು.

ಅಮಿತ ಕೆಟ್ಟ ಹುಡುಗ ಅಲ್ಲ. ನಾ ಒದರಿದ್ದು ಮುಗಿದ ಮ್ಯಾಲ ಸಮಾಧಾನಲೇ ಕೇಳಿದ. ‘ಆಯಿ, ಮುತ್ಯಾ ತಾನೇ ಒಪ್ಪಿಕೊಂಡಾನಂತ ಊರಿಗೂರೇ ಹೇಳತದ. ಅಂವ ಮುಚ್ಚಿಲ್ಲಂದ್ರ ಮತ್ತ ಯಾರು ಮುಚ್ಚಿದ್ರು? ಹೇಳ್ರಿ. ಹೇಳಿದ್ರ ನಾಳಿನೇ ಕಲ್ಲು ತೆಗಸ್ತೇನಿ.’ ನಾಲಿಗಿ ಛಲೋ ಅದ ಅಂತ ಮ್ಯಾಲ ಬರದೆ ನೋಡು, ಆವಾಗ ಅದು ಎದ್ದೇಳಲಿಲ್ಲ. ಹೋಗಿ ಕಾರಿನಾಗ ಕೂತೆ.

ಹದಿನೇಳನೇ ತಾರೀಕಿಗೆ ಮೂರ್ತಿ ತೆರೀತಾರ. ಇನ್ನು ಹದಿನೈದು ದಿನ. ಕಲ್ಲು ಹಂಗೇ ಉಳದ್ರ ಚಾಚಾ ಎರಡನೇ ಸಲ ಸತ್ತಂಗ.

ನಿನಗ ಆರಾಮ ಇರಲಿ ಆಪಾ. ಉಸರಿನ ಬ್ಯಾನಿಗೆ ಅಡಸೋಗಿ ಕಷಾಯ ಕುಡಿ, ಡಾಕ್ಟರನ ಗುಳಗಿನೂ ಬಿಡಬ್ಯಾಡ. ಮೊಮ್ಮಗ ಜಾವೀದಗ ಕೆಲಸ ಸಿಗಲಿ, ಅಂಬರೀನಳ ಸಂಸಾರ ತಣ್ಣಗಿರಲಿ. ನಿನ್ನ ದೇವರು, ನನ್ನ ಬಸವಣ್ಣ, ಇಬ್ಬರೂ ನಿನ್ನ ಬಾಗಲದಾಗ ಇರಲಿ.

ನಿನ್ನ
ಕಸ್ತೂರಿಬಾಯಿ

ತಾ.ಕ.: ಸಹಿ ಮಾಡಿ, ಪಾಕೀಟಿಗೆ ಹಾಕಿ, ಅಂಟು ಹಚ್ಚಿದ್ದೆ. ಮತ್ತ ಹರದು ತೆಗದೆ. ಅಂಬರೀನ, ಮುಂದಿಂದು ಓದೂಕಿಂತ ಮೊದಲು ಅಜ್ಜಿ ಕೈ ಹಿಡಕೋ.

ಆಪಾ, ಅಪ್ಪ ಬೀದರದಿಂದ ಬಂದದ್ದು ದೀಪ ಹಚ್ಚೂ ಹೊತ್ತಿಗೆ. ಸಂದು ಮುಚ್ಚಿದ್ದು ನಾನು.

ಹಗೇವಿನ ಬಾಯಿಗೆ ಸಂದು ಉಳದ್ರ ನೀರು ಹೊಕ್ಕು ಜ್ವಾಳ ಕೆಡತದ, ಮಣ್ಣು ಮೆತ್ತಬೇಕು ಅಂತ ಪ್ರತಿ ಸುಗ್ಗಿಗೆ ಅವ್ವ ನನ್ನ ಕೈಲೇ ಮೆತ್ತಿಸತಿದ್ದಳು. ಉಸರಿಗೆ ಬಿಟ್ಟದ್ದಂತ ಅವ್ವ ಹೇಳಲಿಲ್ಲ, ಏಳು ವರ್ಷದಾಕಿ, ನನಗ ತಿಳೀಲಿಲ್ಲ. ಮಂದಿ ಬರೂ ಸಪ್ಪಳ ಕೇಳಿ, ಚಾಚಾ ಕಾಣಸ್ತಾನಂತ ತಟ್ಟು ತುರುಕಿ, ಮಣ್ಣು ಮೆತ್ತಿ, ಮ್ಯಾಲ ಕೂತು ಗಜಗ ಆಡಿದೆ. ಅವರು ಬಂದ್ರು, ಕೇಳಿದ್ರು, ಹೋದ್ರು. ಎಷ್ಟು ಶಾಣ್ಯಾಕಿ ನಾನು ಅನಕೊಂಡೆ.

ನನ್ನ ಕೈಯಾಗಿನ ಮಣ್ಣು ನೋಡಿದ ಕೂಡ್ಲೇ ಅಪ್ಪಗ ತಿಳೀತು. ತಾನೇ ತೊಳದ. ‘ಇದು ನಂದು. ನೀ ಎಂದೂ ಬಾಯಿ ಬಿಡಬ್ಯಾಡ’ ಅಂದ. ನಾ ಬಿಡಲಿಲ್ಲ. ಅವನ ತಲಿ ಮ್ಯಾಲ ಮಣ್ಣು ಬಿದ್ದಾಗೂ ಬಿಡಲಿಲ್ಲ. ನಾ ಬಾಯಿ ಮುಚಗೊಂಡು ಕೂತದ್ದಕ್ಕೇ ಇವತ್ತು ಆ ಕಲ್ಲು ನಿಂತದ. ಈ ಕಾಗದ ನಿನಗ ಮುಟ್ಟೇದಂತ ಅಂಬರೀನ ಫೋನ್ ಮಾಡಿದ ದಿನಾನೇ ಅಮಿತಗ ಹೇಳ್ತೇನಿ. ಹದಿನೇಳಕ್ಕ ಊರ ಮುಂದನೂ ಹೇಳ್ತೇನಿ. ಮೊದಲು ನಿನಗ ಗೊತ್ತಾಗಬೇಕಿತ್ತು.

ಇನ್ನೊಂದು ಅದ. ಇದನ್ನ ಅಪ್ಪಗೂ ಹೇಳಿಲ್ಲ. ಕೆಳಗಿಂದ ಚಾಚಾ ಎರಡು ಸಲ ಕಲ್ಲು ಬಡದ. ‘ಚಾಚಾ, ಗಪ್ ಕೂಡು, ಅವರಿನ್ನಾ ಹೋಗಿಲ್ಲ’ ಅಂದೆ. ಅವರು ಹೋಗಿ ಭಾಳ ಹೊತ್ತಾಗಿತ್ತು, ಆಪಾ. ನನ್ನ ಆಟ ಮುಗಿದಿರಲಿಲ್ಲ.