ಮೆಟ್ಟಿಲಿಂದ ಬಿದ್ದಳೆಂದು ಬರೆಸಿದ ಅಪ್ಪನಿಗೆ

ನನ್ನ ಉಪದೇಶಿ ಅಪ್ಪಾ,

ನೀನು ಮಣ್ಣಿಗೆ ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಇವತ್ತು ಬರೆಯುತ್ತಿರುವುದು ತಂಗಿ ರೂತಳಿಗಾಗಿ. ಗಂಡನ ಮೇಲೆ ಅವಳು ಹೂಡಿದ ಮೊಕದ್ದಮೆಯಲ್ಲಿ ಹೋದ ತಿಂಗಳು ನನ್ನ ಸಾಕ್ಷಿಯಾಯಿತು, ನಿನ್ನೆ ತೀರ್ಪು ಬಂತು. ಕಿವಿ ಒಡೆದದ್ದು ಗಂಡನ ಹೊಡೆತಕ್ಕೆ ಎಂದು ನಿನ್ನ ಮಗಳು ಹೇಳುತ್ತಿದ್ದಳು, ಮೆಟ್ಟಿಲಿಂದ ಬಿದ್ದು ಎಂದು ಆಸ್ಪತ್ರೆಯ ಕಾಗದ ಹೇಳುತ್ತಿತ್ತು. ಆ ಕಾಗದದಲ್ಲಿದ್ದ ಮಾತು ನಿನ್ನದು. ನೀನು ಸುಳ್ಳು ಬರೆಸಿದೆ ಎಂದು ಯಾರಾದರೂ ಬಾಯಿ ಬಿಡದ ಹೊರತು ಅವಳು ಸೋಲುತ್ತಿದ್ದಳು. ಬಾಯಿ ಬಿಡಬಲ್ಲವನು ನಾನೊಬ್ಬನೇ. ಬಿಟ್ಟೆನೋ ಇಲ್ಲವೋ… ತಡೆ, ನಿನ್ನ ಪ್ರಾರ್ಥನೆಯಷ್ಟು ಉದ್ದವಿಲ್ಲ ಈ ಕಥೆ, ಕೇಳು.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ದಿನ ನೀನು ಬೆಟಗೇರಿಯ ಓಣಿಗೆಲ್ಲ ಪೇಢೆ ಹಂಚಿದೆ. "ನಾಕು ತಲಿಯಿಂದ ಕ್ರೈಸ್ತರಾಗಿ ಕುಂತ ಮನ್ಯಾಗ ಒಬ್ಬ ಶಾಸ್ತ್ರಿ ಹುಟ್ಯಾನ ನೋಡ್ರಿ, ಮನಶ್ಶಾಸ್ತ್ರಿ!" ಎಂದು ಮನೆಮನೆಗೆ ಸಾರಿದೆ. ಅಂದಿನಿಂದ ಊಟಕ್ಕೆ ಕೂತರೆ ನಮಗೆ ಜಗಳವೇ ಉಪ್ಪಿನಕಾಯಿ. ನೀನು ಪಾಪ ಎಂದರೆ ನಾನು ರೂಢಿ ಎನ್ನುತ್ತಿದ್ದೆ. ನೀನು ಪಶ್ಚಾತ್ತಾಪ ಎಂದರೆ ನಾನು ಚಿಕಿತ್ಸೆ.

"ಲೇ, ಪಾಪಕ್ಕ ಹೊಸಾ ಹೆಸರಿಟ್ಟು ಫೀ ತಗೊಳ್ಳೂದು ಕಲತು ಬಂದಿ ನೀ."

"ನೀ ಪುಕಟ ಕೊಡ್ತೀಯಲ್ಲ, ಅದಕ್ಕ ಯಾರಿಗೂ ಗುಣಾ ಆಗವಲ್ದು."

ಅವ್ವ ತೀರಿದ ಮೇಲೆ ಅಡುಗೆಮನೆ ರೂತಳದ್ದಾಗಿತ್ತು. ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು: "ಇಬ್ರೂ ಉಣ್ರಿ ಸುಮ್ಮ. ನನ್ನ ರೊಟ್ಟಿಗೆ ಪಾಪಾನೂ ಇಲ್ಲ, ರೋಗಾನೂ ಇಲ್ಲ."

ಚರ್ಚಿನ ಗಾಯನ ಮಂಡಳಿಯಲ್ಲಿ ದಪ್ಪ ದನಿಯಲ್ಲಿ ಹಾಡುತ್ತಿದ್ದವನನ್ನು ನೀನು ಅಳಿಯನೆಂದು ಆರಿಸಿದ ದಿನವೂ ನೆನಪಿದೆ. ನಾಲ್ಕು ಪವರ್‌ಲೂಮಿನ ಯಜಮಾನ, ಹೆಸರು ಆಶೀರ್ವಾದ. ಮದುವೆಯಾಗಿ ಎಂಟು ತಿಂಗಳಿಗೆ ಆಶೀರ್ವಾದ ಅವಳ ಬೆನ್ನ ಮೇಲೆ ಬೀಳತೊಡಗಿತು. ಬಟ್ಟೆ ಒಯ್ಯಲು ಬಂದ ವ್ಯಾಪಾರಿಯೊಂದಿಗೆ ನಕ್ಕು ಮಾತಾಡಿದಳೆಂದು ಒಂದು ದಿನ ಬಲಗೈಯ ಕಿರುಬೆರಳನ್ನು ಹಿಂದಕ್ಕೆ ಬಾಗಿಸಿದ, ಅದು ಲಟ್ಟೆಂದು ಮುರಿಯುವ ತನಕ. ಅವಳು ಬೆರಳು ಹಿಡಿದುಕೊಂಡು ನಡೆದೇ ನಮ್ಮ ಮನೆಗೆ ಬಂದಳು. ನೀನು ಅತ್ತೆ, ಪಟ್ಟಿ ಕಟ್ಟಿಸಿದೆ, ಅಳಿಯನನ್ನು ಕರೆಸಿ ಬೈದೆ. ಆಮೇಲೆ…

ಆಮೇಲಿನ ಶನಿವಾರದ ತಯಾರಿ ಕೂಟ. ಮುನಿಸಿಕೊಂಡವರು ಸಭೆಯ ಮುಂದೆ ಕೈ ಕೈ ಹಿಡಿದು ರಾಜಿಯಾಗದೆ ಮರುದಿನ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬರುವಂತಿಲ್ಲ, ಅದು ನಮ್ಮ ಸಭೆಯ ಪದ್ಧತಿ, ಅದಕ್ಕೆ ನೀನೇ ಕಾವಲು. ಅಣ್ಣತಮ್ಮಂದಿರ ಗೋಡೆ ಜಗಳ, ಅತ್ತೆ ಸೊಸೆಯರ ಒಲೆ ಜಗಳ ಎಷ್ಟೋ ಅಲ್ಲಿ ಆರಿವೆ, ಒಪ್ಪುತ್ತೇನೆ. ಆದರೆ ಮುರಿದ ಬೆರಳೂ ಗೋಡೆ ಜಗಳವೂ ಒಂದೇ ಏನಪ್ಪಾ? ಪಟ್ಟಿ ಕಟ್ಟಿದ ಆ ಕೈಯನ್ನು ನೀನೇ ಎತ್ತಿ ಅವನ ಕೈಯಲ್ಲಿಟ್ಟೆ. "ಕ್ಷಮಿಸೀನಿ ಅನ್ನವ್ವಾ" ಎಂದೆ. ಅವಳು ಅಂದಳು. ಅವಳ ಕಣ್ಣಿಂದ ಧಾರೆಯಾಗಿ ನೀರು. ಆನಂದಬಾಷ್ಪವೆಂದುಕೊಂಡು ಸಭೆಯೆಲ್ಲ ಹಲ್ಲೆಲೂಯ ಎಂದಿತು. ಅದರಲ್ಲಿ ಮೊದಲ ಎರಡಕ್ಷರವಷ್ಟೇ ನಿಜವಾಗಿತ್ತು. ನಾಲ್ಕು ಚರಣದ ಹಾಡು ಮುಗಿಯುವವರೆಗೂ ಅವನು ಪಟ್ಟಿಯ ಮೇಲಿಂದ ಆ ಮುರಿದ ಬೆರಳನ್ನೇ ಹುಡುಕಿ ಹಿಂಡುತ್ತಿದ್ದನಂತೆ, ಬಾಯಲ್ಲಿ ಹಾಡು ಹೇಳುತ್ತ.

ನಿನ್ನನ್ನೊಬ್ಬನನ್ನೇ ಯಾಕೆ ಬೈಯಲಿ? ಅದಾದ ತಿಂಗಳಿಗೆ ಆಶೀರ್ವಾದನ ಮಗ್ಗದ ಶೆಡ್ಡಿನಲ್ಲಿ ನಾನು ಚೀಲ ತೂಗುಹಾಕಿದ ದಿನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಸಿಟ್ಟು ಒಳಗ ಇಟ್ಕೋಬ್ಯಾಡ್ರಿ ಭಾವಾ, ಹೊರಗ ಹಾಕ್ರಿ" ಎಂದು ಗೋಣಿಚೀಲಕ್ಕೆ ಹತ್ತಿ ತುಂಬಿಸಿ ತೊಲೆಗೆ ಕಟ್ಟಿದೆ. ಮುಂಜಾನೆ ಒಂದು ನೂರು, ಸಂಜೆ ಒಂದು ನೂರು ಗುದ್ದು ಎಂದು ಬರೆದೂ ಕೊಟ್ಟೆ. ಅವನು ನಾನು ಪಾಠ ಹೇಳುವ ಕಾಲೇಜಿನ ಯಾವ ವಿದ್ಯಾರ್ಥಿಗಿಂತಲೂ ನಿಷ್ಠೆಯಿಂದ ಅಭ್ಯಾಸ ಮಾಡಿದ. ಚೀಲದ ಮುಂದೆ ಮೈ ಕಾಯಿಸಿಕೊಂಡು ಹಾಗೇ ಅಡುಗೆಮನೆಗೆ ಹೋಗುತ್ತಿದ್ದ. "ಮೊದಲ ಏಟು ಎಲ್ಲೆಲ್ಲೋ ಬೀಳತಿದ್ವು ಅಣ್ಣಾ, ಈಗ ಗುರಿ ಬಂದೈತಿ" ಎಂದಳು ರೂತ್. ನೀನು ಅವಳಿಗೆ ತಾಳ್ಮೆ ಕಲಿಸಿದೆ, ನಾನು ಅವನಿಗೆ ತಾಲೀಮು ಕೊಟ್ಟೆ. ಗದಗ-ಬೆಟಗೇರಿ ಎಂದು ಬರೆಯುವಾಗ ನಡುವೆ ಅಡ್ಡಗೆರೆ ಇದ್ದಂತೆ ನಿನ್ನ ಧರ್ಮಕ್ಕೂ ನನ್ನ ಶಾಸ್ತ್ರಕ್ಕೂ ನಡುವೆ ಅಡ್ಡ ಮಲಗಿದವಳು ಅವಳು.

ಆ ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಆಶೀರ್ವಾದ ನೀರು ಕೇಳಿದ. "ತಡೀರಿ, ಅಪ್ಪಗ ಸಾರು ಹಾಕಿ ಬಂದೆ" ಎಂದಳು. ಅಷ್ಟೇ. ಕಿಟಕಿಯ ಮೇಲೆ ಲಾಳಿ ಇತ್ತು, ಮಗ್ಗದಲ್ಲಿ ನೂಲನ್ನು ಅತ್ತಿಂದಿತ್ತ ಒಯ್ಯುವ, ಎರಡೂ ತುದಿಗೆ ಕಬ್ಬಿಣದ ಮೂತಿಯ ಕಟ್ಟಿಗೆ. ಅದನ್ನೆತ್ತಿ ಎಡಗಿವಿಯ ಮೇಲೆ ಬೀಸಿದ. ರಕ್ತ ಅವಳ ಕುತ್ತಿಗೆಯಿಂದಿಳಿದು ನಿನ್ನ ತಾಟಿನಲ್ಲಿ ಬಿತ್ತು. ನಾನೇನು ಮಾಡಿದೆ? ಮನಸ್ಸನ್ನು ಹತೋಟಿಯಲ್ಲಿಡುವ ಬಗೆಯನ್ನು ಅರವತ್ತು ಮಕ್ಕಳಿಗೆ ಕಲಿಸುವ ಉಪನ್ಯಾಸಕ, ಬಾಗಿಲ ಹಿಂದಿನ ಅಗಳಿ ಹಿರಿದು ಅವನ ಭುಜಕ್ಕೆ, ಮೊಣಕಾಲಿಗೆ, ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಹೊಡೆದೆ. ಎಲುಬು ಮುರಿದ ಸದ್ದು ಕೇಳಿತು. ಹಿತವಾಯಿತು, ಅಪ್ಪಾ. ಅದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ನೀನು ಅವನ ಮೇಲೆ ಅಡ್ಡ ಬಿದ್ದೆ. ಮುಂದಿನ ಏಟು ನಿನ್ನ ಬೆನ್ನಿಗೆ ಬಿತ್ತು. ಆಗ ನೀನು ಮುಖವೆತ್ತಿ ಕೇಳಿದೆ, "ಹೊರಗ ಬಂತೇನಪಾ ಎಲ್ಲಾ? ಆರಾಮಾತೇನು?"

ಆಸ್ಪತ್ರೆಯಲ್ಲಿ ಡಾಕ್ಟರು "ಹೆಂಗಾತರಿ ಇದು?" ಎಂದು ಕೇಳಿದ ಗಳಿಗೆ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದರೆ ಅರ್ಧ ಗಂಟೆ ನಿಲ್ಲುತ್ತಿದ್ದವನು ಅಲ್ಲಿ ಎರಡೇ ಮಾತಿನಲ್ಲಿ ಮುಗಿಸಿದೆ: "ಮೆಟ್ಟಲ ಮ್ಯಾಲಿಂದ ಬಿದ್ಲರಿ." ಹೊರಗೆ ಬಂದು ನನ್ನ ತೋಳು ಹಿಡಿದೆ. "ಅಂವಾ ಕೇಸು ಮಾಡಿದ್ರ ನೀ ಒಳಗ ಹೋಗ್ತಿ, ನೌಕರಿ ಹೋಗ್ತೈತಿ. ಅಂವಾ ಸುಮ್ಮನಿರ್ತಾನಂತ, ನಾವೂ ಸುಮ್ಮನಿರೂಣು." ನಾನು ತಲೆಯಾಡಿಸಿದೆ. ಒಳಗೆ ಮಂಚದ ಮೇಲಿದ್ದವಳನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ಅವಳು ಮತ್ತೆ ಆ ಮನೆಗೆ ಹೋಗಲಿಲ್ಲ. ನೀನೂ ಮತ್ತೆ ಕರ್ತನ ಭೋಜನಕ್ಕೆ ಹೋಗಲಿಲ್ಲ. ಸಭಾಪಾಲಕರು ಕರೆದರೆ "ಮನ್ಯಾಗ ಒಬ್ಬರ ಕೂಡ ರಾಜಿ ಆಗಬೇಕಾಗೇತ್ರಿ" ಎಂದು ಹಿಂದಿನ ಬೆಂಚಿನಲ್ಲೇ ಕೂಡುತ್ತಿದ್ದೆ. ಕೊನೆಯ ಜ್ವರದಲ್ಲಿ ಅವಳ ಮುಂದೆ ಕೈ ಜೋಡಿಸಿದೆ. "ಕ್ಷಮಿಸವ್ವಾ." ಅವಳು ನಿನ್ನ ಹಣೆಗೆ ತಣ್ಣೀರಿನ ಬಟ್ಟೆ ಹಾಕುತ್ತಲೇ ಹೇಳಿದಳು, "ಈಗ ಆಗೂದಿಲ್ಲಪ್ಪಾ. ಸುಳ್ಳ ಹೇಳಿದ್ರ ಆತೇನು?" ಅಂದು ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ… ಹೋಗಲಿ.

ನಿನ್ನನ್ನು ಮಣ್ಣು ಮಾಡಿದ ಮೂರನೇ ತಿಂಗಳು ಆಶೀರ್ವಾದ ಬಂದ. ನಾನು ಕಾಲೇಜಿನಲ್ಲಿದ್ದೆ. ಅವಳ ಕೂದಲು ಹಿಡಿದು ಹೊಸ್ತಿಲಿಂದ ಬೀದಿಯ ನಲ್ಲಿಯವರೆಗೆ ಎಳೆದ, ನಲ್ಲಿಯ ಕಟ್ಟೆಗೆ ಹಣೆ ಬಡಿದ. ಓಣಿಯ ಹೆಂಗಸರು ಕೊಡ ಎತ್ತಿ ಅವನನ್ನು ಓಡಿಸಿದರು. ರೂತ್ ಹಣೆಗೆ ಸೆರಗೊತ್ತಿಕೊಂಡು ಸೀದಾ ಪೊಲೀಸ್ ಠಾಣೆಗೆ ನಡೆದಳು. ಬೆರಳು, ಕಿವಿ, ಹಣೆ ಎಲ್ಲವನ್ನೂ ಬರೆಸಿದಳು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ.

ಕಟಕಟೆಯಲ್ಲಿ ಅವನ ವಕೀಲರು ಆಸ್ಪತ್ರೆಯ ಆ ಕಾಗದವನ್ನು ನನ್ನ ಮುಂದೆ ಹಿಡಿದರು. "ನಿಮ್ಮ ತಂದಿ ಉಪದೇಶಿಗಳು. ಸುಳ್ಳು ಹೇಳ್ತಿದ್ರೇನ್ರಿ?"

"ಒಂದ ಸಲ ಹೇಳ್ಯಾರ್ರಿ."

"ಯಾಕ?"

"ನನ್ನ ಉಳಸಾಕ್ರಿ. ಆ ದಿನ ಅಗಳಿ ತಗೊಂಡು ಇವರ ಎಲುಬು ಮುರದಾಂವ ನಾನು."

ನಿನ್ನ ಸುಳ್ಳನ್ನು ಹಾಗೆ ಎಲ್ಲರ ಮುಂದೆ ಬಿಚ್ಚಿಟ್ಟೆ. ಆಶೀರ್ವಾದನಿಗೆ ಜೈಲಾಯಿತು. ನನ್ನ ಮೇಲೂ ಈಗ ಕೇಸಿದೆ, ಕಾಲೇಜಿನಿಂದ ನೋಟೀಸು ಬಂದಿದೆ. ಬರಲಿ. ಹೊಡೆದದ್ದು ನಿಜವಲ್ಲವೇ? ನೀನು ಅದನ್ನು ಪಾಪ ಎನ್ನು, ಈ ಸಲ ನಾನು ಬೇರೆ ಹೆಸರು ಹುಡುಕುವುದಿಲ್ಲ.

ಇದನ್ನು ಬರೆಯುತ್ತಿರುವಾಗ ರೂತ್ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಯಾರಿಗೆ ಬರಿಯಾಕತ್ತಿ?"

"ಅಪ್ಪಗ."

"ಪೋಸ್ಟ್‌ಮನ್‌ಗ ಪಾಪ ಭಾಳ ದೂರ ಆಕ್ಕೈತಿ." ಸೂಜಿಗೆ ದಾರ ಪೋಣಿಸಿದಳು. "ಅಪ್ಪನ್ನ ಕ್ಷಮಿಸೀನಿ ಅಂತ ಬರಿ. ಯಾರೂ ಹೇಳಿಸಿಲ್ಲ, ನಾನ ಹೇಳೀನಿ ಅಂತಾನೂ ಬರಿ."

ಬರೆದೆ, ಅಪ್ಪಾ. ಆಮೇಲೆ ಬಾಯಿ ಸುಮ್ಮನಿರಬೇಕಲ್ಲ? "ಮತ್ತ ಆಶೀರ್ವಾದನ್ನ?" ಎಂದು ಕೇಳಿಬಿಟ್ಟೆ.

"ಅದನ್ನ ನಾನೂ ದೇವರೂ ನೋಡ್ಕೋತೀವಿ. ಯಾವಾಗ ಆಕ್ಕೈತೋ, ಆಗೂದ ಇಲ್ಲೋ. ನೀವಿಬ್ರೂ ನಡುವ ಬರಬ್ಯಾಡ್ರಿ."

ಬರುವುದಿಲ್ಲವೆಂದು ಮಾತು ಕೊಟ್ಟೆ. ನಿನ್ನದನ್ನೂ ನಾನೇ ಕೊಟ್ಟಿದ್ದೇನೆ, ಮುರಿಯಬೇಡ.

ನಿನ್ನ ಮಗ