ಇಬ್ಬರಲ್ಲಿ ನಕಲು ಯಾರು?

ಮಾನ್ಯರೇ,

ನಾನು ಹೆತ್ತದ್ದು ಇಬ್ಬರು ಹೆಣ್ಣುಮಕ್ಕಳನ್ನು. ತಮ್ಮ ಜನನ ನೋಂದಣಿ ಕಚೇರಿಯ ಕಂಪ್ಯೂಟರು ಒಬ್ಬಳನ್ನು ಮಾತ್ರ ಒಪ್ಪುತ್ತದೆ. ಇನ್ನೊಬ್ಬಳ ವಿವರ ತುಂಬಿದರೆ ‘ನಕಲು ಅರ್ಜಿ’ ಎಂದು ಕೆಂಪು ಅಕ್ಷರದಲ್ಲಿ ಹೊರಗೆ ಹಾಕುತ್ತದೆ. ಈ ಬಗ್ಗೆ ಮರಾಠಿಯಲ್ಲಿ ಒಂದು ದೂರು ಕೊಟ್ಟೆ, ಉತ್ತರ ಬರಲಿಲ್ಲ. ಎರಡನೆಯ ದೂರು ಕೊಟ್ಟೆ, ಅದು ಮೊದಲನೆಯದರ ನಕಲು ಎಂದು ತಿರಸ್ಕೃತವಾಯಿತು. ಆದ್ದರಿಂದ ಈ ಸಲ, ಏಳನೇ ಇಯತ್ತೆಯವರೆಗೆ ಕಲಿತ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇದನ್ನಾದರೂ ನಕಲು ಎನ್ನಲಾರಿರಿ ಎಂಬ ಧೈರ್ಯ.

ಹೆರಿಗೆ ನನ್ನ ತವರು ಅಕ್ಕಲಕೋಟದಲ್ಲಾಯಿತು. ಶೀತಲ ಬಂದದ್ದು ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ, ಕಾಜಲ ಹತ್ತು ಹದಿನೈದಕ್ಕೆ. ಕಾಜಲ ಹುಟ್ಟಿದಾಗ ಅಳಲಿಲ್ಲ. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. “ಬಾಳ ಆಸೆ ಇಟ್ಕೋಬ್ಯಾಡ್ರಿ” ಎಂದಿದ್ದಳು ನರ್ಸು. ಐದನೆಯ ದಿನ ಅತ್ತಳು, ಅಂದಿನಿಂದ ನಿಲ್ಲಿಸಿಲ್ಲ. ಈಗ ಇಬ್ಬರಿಗೂ ಹನ್ನೊಂದು ತಿಂಗಳು. ಒಬ್ಬಳು ಮಲಗಿದರೆ ಇನ್ನೊಬ್ಬಳು ಏಳುತ್ತಾಳೆ. ಹೀಗಾಗಿ ಹನ್ನೊಂದು ತಿಂಗಳಿಂದ ನಾನು ನಿದ್ದೆ ಎಂಬುದನ್ನು ಕೇವಲ ಅವರ ಮುಖದ ಮೇಲೆ ನೋಡಿದ್ದೇನೆ, ಅದೂ ಸರದಿಯ ಪ್ರಕಾರ. ಈ ಪತ್ರದಲ್ಲಿ ಒಂದೇ ಮಾತು ಎರಡು ಸಲ ಬಂದಿದ್ದರೆ ಕ್ಷಮಿಸಿ. ನಮ್ಮ ಮನೆಯಲ್ಲಿ ಎಲ್ಲವೂ ಎರಡು ಸಲ ಆಗುತ್ತದೆ.

ಗಂಡನ ಮನೆ ಬೋರಾಮಣಿ. ಅಲ್ಲಿಂದ ಸೋಲಾಪುರ, ಸೋಲಾಪುರದಿಂದ ಅಕ್ಕಲಕೋಟ, ಎರಡು ಎಸ್.ಟಿ. ಬಸ್ಸು ಬದಲಿಸಿ, ಎರಡು ಸೊಂಟದ ಮೇಲೆ ಇಬ್ಬರನ್ನು ಹೊತ್ತು ತಮ್ಮ ಕಿಟಕಿಯ ಮುಂದೆ ನಿಂತೆ.

“ಬಾಯಾರ, ಸಿಸ್ಟಿಮ್ ಘೇತ್ ನಾಹೀ, ತಗೋಳಂಗಿಲ್ಲ,” ಎಂದರು ಗುಮಾಸ್ತರು. “ತಾಯಿ ಒಬ್ಬಾಕಿ, ತಾರೀಖ ಒಂದ, ದವಾಖಾನಿ ಒಂದ. ಎರಡನೇದ್ದು ತಗೋಳಂಗಿಲ್ರಿ.”

“ಅವಳಿ ಅದಾರ್ರಿ ಸಾಹೇಬ್ರ.”

“ನಂಗ ಕಾಣ್ತಾರ್ರಿ. ಸಿಸ್ಟಿಮಿಗೆ ಕಾಣಂಗಿಲ್ಲ.” ಆಮೇಲೆ ದನಿ ತಗ್ಗಿಸಿ, “ಸಣ್ಣಾಕಿ ತಾರೀಖ ಒಂದ ದಿನ ಮುಂದ ಹಾಕೂಣೇನ್ರಿ?” ಎಂದರು.

ಹನ್ನೊಂದು ನಿಮಿಷವೇ ನನಗೆ ಯುಗವಾಗಿತ್ತು. ಅದನ್ನು ಸರಕಾರಿ ಸಹಿಯೊಂದಿಗೆ ಇಪ್ಪತ್ನಾಲ್ಕು ಗಂಟೆಗೆ ಎಳೆಯಲು ನಾನು ಒಪ್ಪಲಿಲ್ಲ.

ಮಾನ್ಯರೇ, ನಾನು ಕಂಪ್ಯೂಟರ್ ವಿಜ್ಞಾನದ ಪದವೀಧರೆ. ಪದವಿಪತ್ರ ಸದ್ಯ ಲಂಗೋಟಿಗಳ ಟ್ರಂಕಿನ ತಳದಲ್ಲಿದೆ, ಆದರೆ ಓದಿದ್ದು ಪೂರ್ತಿ ಮರೆತಿಲ್ಲ. ನೂರ ಎಂಬತ್ತು ವರ್ಷಗಳ ಹಿಂದೆ, ಇನ್ನೂ ಕಟ್ಟಿಯೇ ಇರದ ಯಂತ್ರವೊಂದರ ಬಗ್ಗೆ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು ಬರೆದಿದ್ದಳು: ಯಂತ್ರ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ನಾವು ಹೇಳಲು ಬಲ್ಲದ್ದನ್ನು ಮಾಡುತ್ತದೆ. ಆಗ ಆಕೆ ಮೂರು ಮಕ್ಕಳ ತಾಯಿ. ಹಾಗಾದರೆ ‘ಸಿಸ್ಟಿಮ್ ತಗೋಳಂಗಿಲ್ಲ’ ಎಂದರೆ ಏನರ್ಥ? ತೆಗೆದುಕೊಳ್ಳಬೇಡ ಎಂದು ಯಾರೋ ಮನುಷ್ಯರು ಅದಕ್ಕೆ ಹೇಳಿಕೊಟ್ಟಿದ್ದಾರೆ ಎಂದಲ್ಲವೇ? ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬವರು ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಡುವ ದಾರಿ ತೋರಿಸಿದರು. ಪ್ರತಿಯೊಂದು ಸಾಲನ್ನೂ ಉಳಿದೆಲ್ಲ ಸಾಲುಗಳಿಂದ ಬೇರೆ ಮಾಡಿ ಗುರುತಿಸುವ ಕೀಲಿಯೊಂದು ಇರಬೇಕು ಎಂಬುದು ಅದರ ಮೂಲಪಾಠ. ತಾಯಿ, ತಾರೀಖು, ಆಸ್ಪತ್ರೆ, ಇವಿಷ್ಟನ್ನೇ ಕೀಲಿ ಎಂದು ಆರಿಸಿದ ಮಹನೀಯರು ಜನ್ಮದಲ್ಲಿ ಅವಳಿಗಳನ್ನು ನೋಡಿಲ್ಲವೇ? ಪರೀಕ್ಷೆಯಲ್ಲಿ ನಾನು ಈ ಉತ್ತರ ಬರೆದಿದ್ದರೆ ಸೊನ್ನೆ ಸಿಗುತ್ತಿತ್ತು. ಅವರಿಗೆ ಗುತ್ತಿಗೆ ಸಿಕ್ಕಿದೆ.

ಗುರುತಿಸುವುದು ಕಷ್ಟ, ನಿಜ. ಮುಚ್ಚಿಡುವುದೇಕೆ, ಎರಡನೆಯ ತಿಂಗಳಲ್ಲಿ ನಾನೇ ತಪ್ಪಿದೆ. ನಿದ್ದೆಗಣ್ಣಲ್ಲಿ ಕಾಜಲಳ ಔಷಧಿಯನ್ನೂ ಶೀತಲಳಿಗೇ ಕುಡಿಸಿ, ಗೊತ್ತಾದ ಮೇಲೆ ಇಡೀ ದಿನ ಅತ್ತೆ. ಕುರಿ ಮೇಯಿಸಿ ಬಂದ ಮಾವ ಹಣಮಂತಪ್ಪ ಕಂಬಳಿಯ ಅಂಚಿನಿಂದ ಕರಿ ಉಣ್ಣೆಯ ಎಳೆಯೊಂದು, ಬಿಳಿ ಎಳೆಯೊಂದು ಕಿತ್ತು ಬೇರೆಬೇರೆಯಾಗಿ ಹೊಸೆದರು.

“ಅವಳಿ ಮರಿ ಹುಟ್ಟಿದ್ರ ನಾ ಹಿಂಗ ಮಾಡ್ತೀನವಾ,” ಎಂದರು. “ಮೊದ್ಲ ಬಂದದ್ದಕ್ಕ ಕರಿ ದಾರ, ಹಿಂದ ಬಂದದ್ದಕ್ಕ ಬಿಳಿದು. ಇಲ್ಲಂದ್ರ ಒಂದಕ್ಕಽ ಎರಡ ಸಲ ಹಾಲ ಕುಡಿಸಿ, ಎರಡಕ್ಕೂ ಕುಡಿಸೀವಿ ಅಂತ ತಿಳ್ಕೋತೀವಿ. ಇನ್ನೊಂದು ಸುಮ್ಕ ಸತ್ತ ಹೋಗ್ತದ.”

ಶೀತಲಳ ಮಣಿಕಟ್ಟಿಗೆ ಕರಿದು ಕಟ್ಟಿದರು, ಕಾಜಲಳಿಗೆ ಬಿಳಿದು. ಸಾಲೆಯ ಮೆಟ್ಟಿಲು ಹತ್ತದ ಕುರಿಗಾರ ಒಂದು ನಿಮಿಷದಲ್ಲಿ ಕೀಲಿ ಮಾಡಿಕೊಟ್ಟರು. ಸೋಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ದುಡಿಯುವ ನನ್ನ ಗಂಡ ಗುರುಸಿದ್ಧ ಹೇಳುತ್ತಾರೆ, ಅಲ್ಲಿ ಒಂದೇ ನಮೂನೆಯ ಎರಡು ಡಬ್ಬಗಳಿಗೂ ಬೇರೆ ಬೇರೆ ನಂಬರಂತೆ. ನನ್ನ ಮಕ್ಕಳು ಸಾಬೂನಿನ ಡಬ್ಬಗಳಾಗಿದ್ದರೆ ಇಷ್ಟೊತ್ತಿಗೆ ದಾಖಲಾಗಿರುತ್ತಿದ್ದರು.

ನಂತರದ್ದು ಕೇಳಿ. ನನ್ನ ಮೂರನೆಯ ಭೇಟಿಯಲ್ಲಿ ಗುಮಾಸ್ತರು ಕನಿಕರಪಟ್ಟು, “ದೊಡ್ಡಾಕಿದು ತೆಗದು ಸಣ್ಣಾಕಿದು ಹಾಕಿ ನೋಡೂಣು” ಎಂದರು. ಶೀತಲಳನ್ನು ಅಳಿಸಿದರು. ಕಾಜಲ ಸಲೀಸಾಗಿ ಒಳಗೆ ಹೋದಳು. ಮತ್ತೆ ಶೀತಲಳನ್ನು ತುಂಬಿದರೆ, ನಕಲು. ಹಾಲಿನ ಪಾತ್ರೆ, ಮಜ್ಜಿಗೆಯ ಪಾತ್ರೆ ಅದಲುಬದಲು ಮಾಡಲು ಮೂರನೆಯ ಖಾಲಿ ಪಾತ್ರೆ ಬೇಕೆಂದು ನಮಗೆ ಕಾಲೇಜಿನ ಮೊದಲ ವರ್ಷವೇ ಕಲಿಸಿದ್ದರು. ಇಲ್ಲಿ ಹಾಲು ಚೆಲ್ಲಿಹೋಯಿತು. ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದವಳು ಈಗ ಇದ್ದಾಳೆ, ಹುಟ್ಟುತ್ತಲೇ ಓಣಿಗೆಲ್ಲ ಕೇಳುವಂತೆ ಚೀರಿದವಳು ಇಲ್ಲ.

“ಹಂಗಾದ್ರ ಆರು ತಿಂಗಳ ಆಕಿ ಇರ್ಲಿ, ಆರು ತಿಂಗಳ ಈಕಿ ಇರ್ಲಿ ತಗೋ,” ಎಂದರು ಗುರುಸಿದ್ಧ. ಆ ದಿನ ಅವರಿಗೆ ಊಟ ತಡವಾಯಿತು.

ಶೀತಲಳನ್ನು ಮರಳಿ ತರುವ ಅರ್ಜಿಯ ಮುಂದೆ ಅಂದಿನಿಂದ ‘ಪ್ರಕ್ರಿಯೆಯಲ್ಲಿದೆ’ ಎಂಬ ಸಣ್ಣ ಚಕ್ರ ತಿರುಗುತ್ತಿದೆ. ಕಂಪ್ಯೂಟರಿನ ಒಂದು ಪ್ರೋಗ್ರಾಮು ಎಂದಾದರೂ ನಿಲ್ಲುತ್ತದೆಯೋ ಇಲ್ಲವೋ ಎಂದು ಎಲ್ಲ ಸಂದರ್ಭಕ್ಕೂ ಹೇಳಬಲ್ಲ ವಿಧಾನವೇ ಇಲ್ಲ ಎಂದು ಅಲನ್ ಟ್ಯೂರಿಂಗ್ ೧೯೩೬ರಲ್ಲೇ ಸಾಧಿಸಿ ತೋರಿಸಿದರು. ಅವರಿಗೆ ಆಗದ್ದು ತಮ್ಮ ನಿಯಮಪುಸ್ತಕಕ್ಕೆ ಆಗಿದೆ, ಅದು ನಿಲ್ಲುವ ದಿನವನ್ನೇ ಬರೆದಿಟ್ಟಿದೆ. ಇನ್ನು ಇಪ್ಪತ್ತಮೂರು ದಿನಕ್ಕೆ ಮಕ್ಕಳಿಗೆ ವರ್ಷ ತುಂಬುತ್ತದೆ, ಆಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿ ಇಲ್ಲ. ಅಂದರೆ ನನ್ನ ಹಿರಿಮಗಳು ಹುಟ್ಟಿದ್ದು ಹೌದೆಂದು ನಾನು ಸಾಕ್ಷಿಗಳೊಂದಿಗೆ ರುಜುವಾತು ಮಾಡಬೇಕು. ಮುಖ್ಯ ಸಾಕ್ಷಿ ಆಗ ನನ್ನ ಸೆರಗು ಜಗ್ಗುತ್ತಿರುತ್ತಾಳೆ.

ನಾನು ಕೇಳುವುದು ದೊಡ್ಡದೇನಲ್ಲ. ತಮ್ಮ ಕೀಲಿಗೆ ಇನ್ನೊಂದೇ ಒಂದು ಕಾಲಮ್ ಸೇರಿಸಿ: ಹುಟ್ಟಿದ ವೇಳೆ. ಆಸ್ಪತ್ರೆಯವರು ಇಬ್ಬರ ಕಾಗದದಲ್ಲೂ ಅದನ್ನು ಬರೆದೇ ಕೊಟ್ಟಿದ್ದಾರೆ. ಒಂದು ಎಳೆ ದಾರದಷ್ಟು ಕೆಲಸ. ಕಂಪ್ಯೂಟರಿಗೆ ಅದನ್ನು ಹೇಳಿಕೊಡುವವರು ಸಿಗದಿದ್ದರೆ ನಾನೇ ಬಂದು ಹೇಳಿಕೊಡುತ್ತೇನೆ. ಅಷ್ಟು ಹೊತ್ತು ಮಕ್ಕಳನ್ನು ತಾವು ಎತ್ತಿಕೊಂಡಿರಬೇಕು.

ಅದೂ ಆಗದಿದ್ದರೆ ಬರುವ ಸೋಮವಾರ ಇಬ್ಬರನ್ನೂ ತಮ್ಮ ಮೇಜಿನ ಮೇಲೆ ಕೂರಿಸಿ, ಕೈಯ ದಾರಗಳನ್ನು ಬಿಚ್ಚುತ್ತೇನೆ. ಇಬ್ಬರ ಮುಖವನ್ನೂ ನೋಡಿ, ನಕಲು ಯಾರೆಂದು ತಾವೇ ಬೆರಳು ಮಾಡಿ ತೋರಿಸಿ. ಬೆರಳನ್ನು ಮಾತ್ರ ತುಸು ದೂರದಲ್ಲಿಡಿ. ಕಾಜಲಳಿಗೆ ಹಲ್ಲು ಬಂದಿವೆ. ಶೀತಲಳಿಗೂ ಬಂದಿವೆ, ದಾಖಲಾಗಿಲ್ಲ ಅಷ್ಟೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಅರ್ಧ ಬಾಣಂತಿಯಾದ
ಶುಭಾಂಗಿ, ಬೋರಾಮಣಿ
(ಶೀತಲ ಮತ್ತು ಕಾಜಲರ ತಾಯಿ. ಹೆಸರುಗಳನ್ನು ಹುಟ್ಟಿದ ವೇಳೆಯ ಕ್ರಮದಲ್ಲಿ ಬರೆದಿದ್ದೇನೆ.)