ಅಪ್ಪನ ದೀಪ ನನ್ನ ಪಕ್ಕಕ್ಕೆ

ನಾಟಕಶಾಲೆಯ ಬಣ್ಣದ ಕೋಣೆ,
ಮಂಗಳವಾರ, ಸಂಜೆ

ಮುಂದಿನ ಸಾಲಿನ ಮಹನೀಯರೇ, ಹಿಂದಿನ ಬೆಂಚಿನ ಸೀಟಿ ಶೂರರೇ, ನಿಶ್ಶಬ್ದ! ನಿಶ್ಶಬ್ದ! ಈ ಎಲ್ಲರ ಪಾತ್ರವನ್ನೂ ನೀನೊಬ್ಬನೇ ವಹಿಸಬೇಕು, ಪ್ರೀತಿಯ ತಮ್ಮಾ. ಹೇಗಿದ್ದೀಯ? ಗಂಟಲು ಸರಿಹೋಯಿತೇ? ಆ ಊರಿನ ಕಂಪನಿಯಲ್ಲೂ ನಿನಗೆ ರಾಜಕುಮಾರನ ಪಾತ್ರವೇ ಸಿಕ್ಕಿತಂತೆ. ಸಿಗಲಿ, ಸಿಗಲಿ. ನಾನಿಲ್ಲಿ ಇನ್ನೂ ಖಳನಾಯಕ.

ಅಪ್ಪನ ಕಣ್ಣಿನ ವಿಷಯ ಹೇಳಬೇಕು. ಜೀವಮಾನವಿಡೀ ಬಾಲ್ಕನಿಯಲ್ಲಿ ಕೂತು ದೊಡ್ಡ ದೀಪ ತಿರುಗಿಸಿದವರ ನೋಟದ ನಟ್ಟನಡುವೆ ಈಗ ಮಸಿ ಬಳಿದಂತಾಗಿದೆ, ಸುತ್ತಲಿನದಷ್ಟೇ ಕಾಣುತ್ತದೆ. ಅಂದು ನೀನು ಹೆಜ್ಜೆಯಿಟ್ಟಲ್ಲೆಲ್ಲ ಆ ಬೆಳಕು ನಾಯಿಮರಿಯಂತೆ ಹಿಂದೆ ಬರುತ್ತಿತ್ತು. ನಾನೋ, ಕತ್ತಲಲ್ಲೇ ಅಬ್ಬರಿಸಿ ಕತ್ತಲಲ್ಲೇ ಸತ್ತವನು. "ನೀನ್ ಬಿಡೋ, ನಿಂಗೆ ಗಂಟ್ಲೇ ಸಾಕು, ಬೆಳಕ್ಯಾಕೆ?" ಅನ್ನುತ್ತಿದ್ದರು ಅಪ್ಪ. ಹೊಟ್ಟೆ ಉರಿಯದೇ ಇರುತ್ತದೆಯೇ?

ಈಗ ಕೇಳು. ತಾಲೀಮಿನಲ್ಲಿ ನಾನು ಆ ತುದಿಯಿಂದ ಈ ತುದಿಗೆ ನಡೆದರೆ ಅಪ್ಪನ ತಲೆಯೂ ದೀಪದ ಹಾಗೇ ನಿಧಾನವಾಗಿ ತಿರುಗುತ್ತದೆ. ಆದರೆ ನೋಟ ಮಾತ್ರ ನನ್ನ ಮೇಲಲ್ಲ, ನನ್ನ ಬಲಪಕ್ಕದ ಖಾಲಿ ಜಾಗದ ಮೇಲೆ. ನೀನು ನಿಲ್ಲುತ್ತಿದ್ದ ಜಾಗ! ಊರು ಬಿಟ್ಟು ಹೋದವನಿಗೆ ಬೆಳಕು, ಎದುರಿಗೆ ನಿಂತವನಿಗೆ ಕತ್ತಲೆ! ಊಟವೂ ಸೇರಲಿಲ್ಲ ಕಣೋ.

ಇಂದು ಕಣ್ಣಿನ ಡಾಕ್ಟರಮ್ಮ ಪರದೆಯ ಮೇಲೆ ಬಿಳಿ ಚುಕ್ಕೆಯೊಂದನ್ನು ಓಡಿಸಿ, ಅಪ್ಪ ಅದರ ಹಿಂದೆ ಕಣ್ಣನ್ನೂ ಕತ್ತನ್ನೂ ಹೇಗೆ ತಿರುಗಿಸುತ್ತಾರೆಂದು ನೋಡಿದರು. ಆಮೇಲೆ ನನ್ನನ್ನೇ ಕೋಣೆಯ ಉದ್ದಕ್ಕೂ ನಡೆಸಿದರು. ಅಪ್ಪನ ನೋಟ ಮತ್ತೆ ನನ್ನ ಪಕ್ಕಕ್ಕೇ. ನಾನು ಹಲ್ಲು ಕಚ್ಚಿದೆ. "ಯಾರ್ ಕಾಣ್ತಿದಾರೆ ಯಜಮಾನ್ರೇ?" ಎಂದರು ಡಾಕ್ಟರಮ್ಮ. "ಇನ್ಯಾರು, ನನ್ ದೊಡ್ಡ ಮಗ. ಬಲಗಾಲು ಎಳೀತಾನೆ ನೋಡಿ, ಮೊದ್ಲಿಂದ್ಲೂ ಹಂಗೇ." ಡಾಕ್ಟರಮ್ಮ ನನ್ನತ್ತ ತಿರುಗಿ ನಕ್ಕರು: "ನೇರ ನೋಡಿದ್ರೆ ನೀವು ಮಾಯ ಆಗ್ಬಿಡ್ತೀರಿ. ನಿಮ್ಮನ್ನ ನೋಡೋಕೇ ಅವ್ರು ಪಕ್ಕಕ್ಕೆ ನೋಡೋದು."

ಮೊದಲಿಂದಲೂ ಅಂತೆ! ಕತ್ತಲಲ್ಲಿ ನಡೆದವನ ಕಾಲು ಅವರಿಗೆ ಯಾವಾಗ ಕಂಡಿತ್ತೋ. ಅಳು ಬಂತು, ಕೆಮ್ಮಿದಂತೆ ನಟಿಸಿದೆ.

ಮೈ ನೋಡಿಕೋ, ಒಳ್ಳೆಯದಾಗಲಿ. ನಿನ್ನ ಅತ್ತಿಗೆ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿನ್ನ ಅಣ್ಣ,
ಖಳನಾಯಕ

ಮರೆತಿದ್ದೆ: ನಾಳೆ ಅಪ್ಪ ಕೊನೆಯ ಸಲ ದೀಪ ಹಿಡಿಯುತ್ತಾರಂತೆ. "ಚಿಕ್ಕೋನಿಗೂ ಬರೋಕೆ ಬರಿ" ಅಂದಿದ್ದರು, ಬರೆದಿದ್ದೇನೆ. ನಾಳೆ ಬೆಳಿಗ್ಗೆ ರಂಗದ ತುದಿಯಿಂದ ತುದಿಗೆ ನಾನೊಬ್ಬನೇ ನಡೆಯುತ್ತೇನೆ. ಬೆಳಕು ಪಕ್ಕಕ್ಕೆ ಬಿದ್ದರೆ ಪಕ್ಕಕ್ಕೇ ಜರುಗಿ ನಿಲ್ಲುತ್ತೇನೆ. ಅದೆಲ್ಲ ಮುಗಿದ ಮೇಲೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ.